ಕರೆಂಟ್ ಬಂದ ಮೇಲೂ ನೀರೇಕೆ ಬಾರದು?

ಬೆಂಗಳೂರಿಗೆ ಕಾವೇರಿ ತಾನಾಗಿ ಹರಿದು ಬರುವುದಿಲ್ಲ. ಸುಮಾರು ನೂರು ಕಿಲೋಮೀಟರ್ ದೂರ, 500 ಮೀಟರಿನಷ್ಟು ಏರು. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಯ ಪಂಪಿಂಗ್ ಸ್ಟೇಷನ್‌ಗಳು ಮೂರು ಮಜಲಿನಲ್ಲಿ ನೀರನ್ನು ಮೇಲಕ್ಕೆ ತಳ್ಳುತ್ತವೆ. 1974ರ ಮೊದಲ ಹಂತದ ಸಾಮರ್ಥ್ಯ ದಿನಕ್ಕೆ 13.5 ಕೋಟಿ ಲೀಟರ್ ಇತ್ತು. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಐದನೇ ಹಂತವೊಂದರದ್ದೇ 77.5 ಕೋಟಿ ಲೀಟರ್. ಸಾವಿರ ಲೀಟರನ್ನು 500 ಮೀಟರ್ ಎತ್ತಲು ಬರೀ ಲೆಕ್ಕದ ಪ್ರಕಾರವೇ 1.36 ಯೂನಿಟ್ ವಿದ್ಯುತ್ ಬೇಕು. ಪಂಪು, ಮೋಟರು, ಕೊಳವೆಗಳಲ್ಲಿ ಆಗುವ ನಷ್ಟ ಸೇರಿಸಿದರೆ ಅದು ಎರಡು ಯೂನಿಟ್‌ನ ಹತ್ತಿರ ಹೋಗುತ್ತದೆ. ನೀರಿನ ಬಿಲ್ಲಿನ ದೊಡ್ಡ ಪಾಲು ಕರೆಂಟಿನ ಬಿಲ್ಲೇ.

ನಾನು ದುಡಿದದ್ದು ಅಂಥ ದೊಡ್ಡ ಕಡೆಯಲ್ಲ. ಬಡಾವಣೆಯೊಂದರ ಅಂಚಿನ ಸಣ್ಣ ಪಂಪ್‌ಹೌಸ್: ನೆಲದಡಿಯ ಸಂಪು, ಮೂರು ಪಂಪು, ದಿಣ್ಣೆಯ ಮೇಲೊಂದು ಟ್ಯಾಂಕು. ಮೂರರಲ್ಲಿ ಎರಡು ಓಡುತ್ತವೆ, ಒಂದು ಆಪತ್ತಿಗೆಂದು ಕಾದಿರುತ್ತದೆ. ಕಾದಿರುವುದನ್ನೂ ಆಗಾಗ ಓಡಿಸಬೇಕು. ಸುಮ್ಮನೆ ಬಿಟ್ಟರೆ ಬೇಕಾದ ದಿನವೇ ಅದು ಕೈಕೊಡುತ್ತದೆ.

ಒಳಗಿನ ಚಕ್ರ ತಿರುಗಿ ನೀರು ತಳ್ಳುವ ಸೆಂಟ್ರಿಫ್ಯೂಗಲ್ ಪಂಪನ್ನು, ನೀರು ಹೊರಹೋಗುವ ಕಡೆಯ ಡೆಲಿವರಿ ವಾಲ್ವ್ ಮುಚ್ಚಿಟ್ಟೇ ಚಾಲೂ ಮಾಡುತ್ತಿದ್ದೆವು. ನೀರು ಸಾಗದಿರುವಾಗ ಮೋಟರಿಗೆ ಹೊರೆ ಕಡಿಮೆ. ವೇಗ ಹಿಡಿದ ಮೇಲೆ ಒಂದು ಕಣ್ಣು ಕರೆಂಟ್ ಅಳೆಯುವ ಆಮ್ಮೀಟರಿನ ಮೇಲಿಟ್ಟು ವಾಲ್ವನ್ನು ನಿಧಾನವಾಗಿ ತಿರುಗಿಸುವುದು. ನಿಲ್ಲಿಸುವಾಗ ಮೊದಲು ವಾಲ್ವ್, ಆಮೇಲೆ ಸ್ವಿಚ್ಚು. ಹೊಸ ಹುಡುಗರಿಗೆ ಶಾಫ್ಟು ಪಂಪಿನಿಂದ ಹೊರಬರುವ ಜಾಗದ ಗ್ಲ್ಯಾಂಡಿನಿಂದ ತೊಟ್ಟಿಕ್ಕುವ ನೀರು ಕಂಡರೆ ಸ್ಪ್ಯಾನರ್ ಹಿಡಿಯುವ ಆತುರ. ಆ ತೊಟ್ಟು ಬೀಳುತ್ತಲೇ ಇರಬೇಕು, ಒಳಗೆ ನೀರು ತಡೆಯಲು ಸುತ್ತಿದ ಹಗ್ಗದಂಥ ಪ್ಯಾಕಿಂಗ್ ತಣ್ಣಗಿರುವುದು ಅದರಿಂದಲೇ. ಪೂರ್ತಿ ಬಿಗಿದರೆ ಪ್ಯಾಕಿಂಗ್ ಸುಡುತ್ತದೆ, ಶಾಫ್ಟಿನ ಮೇಲಿನ ಕವಚ (ಸ್ಲೀವ್) ಸವೆಯುತ್ತದೆ. ನನಗೆ ಕೆಲಸ ಕಲಿಸಿದ ಹಿರಿಯರು ಬೇರಿಂಗಿನ ಮೇಲೆ ಅಂಗೈ ಇಟ್ಟು, "ಮೀಟರು ಆಮೇಲೆ ನೋಡಪ್ಪ, ಮೊದಲು ಇದನ್ನು ಮುಟ್ಟು" ಎನ್ನುತ್ತಿದ್ದರು. ಕಿವಿಗೂ ಅಷ್ಟೇ ಕೆಲಸ. ಪಂಪಿನೊಳಗೆ ಜಲ್ಲಿ ಉರುಳಿದಂತೆ ಕೇಳಿಸಿದರೆ ಮೊದಲು ಸಂಪಿನ ಮಟ್ಟ ನೋಡುತ್ತಿದ್ದೆ. ನೀರು ಇಳಿದಾಗ ಹೀರುಕೊಳವೆಯ ಮೇಲೆ ಸುಳಿ ಎದ್ದು ಗಾಳಿ ಒಳಗೆ ಹೋಗುತ್ತದೆ.

ನಮ್ಮ ಕಷ್ಟವೆಲ್ಲ ಕರೆಂಟ್ ಹೋದಾಗ. ಮೇಲೇರುತ್ತಿದ್ದ ನೀರು ಥಟ್ಟನೆ ನಿಂತು ಹಿಂದಕ್ಕೆ ನುಗ್ಗುತ್ತದೆ. ನೀರು ಹಿಂದಕ್ಕೆ ಹರಿಯದಂತೆ ತಡೆಯುವ ನಾನ್-ರಿಟರ್ನ್ ವಾಲ್ವ್ ಧಡಾರನೆ ಮುಚ್ಚಿಕೊಳ್ಳುತ್ತದೆ, ಒತ್ತಡದ ಅಲೆ ಕೊಳವೆಯುದ್ದಕ್ಕೂ ಬಡಿಯುತ್ತದೆ. ಹಳೆಯ ಜೋಡಣೆಗಳು ಬಿಟ್ಟುಕೊಳ್ಳುವುದು ಹೆಚ್ಚಾಗಿ ಆಗಲೇ. ಇತ್ತ ನಲ್ಲಿಗಳು ನೀರು ಎಳೆಯುತ್ತಲೇ ಇರುವುದರಿಂದ ಬೀದಿಯ ಕೊಳವೆಗಳು ಬರಿದಾಗಿ ಗಾಳಿ ತುಂಬಿಕೊಳ್ಳುತ್ತದೆ.

ಕರೆಂಟ್ ಮರಳಿದ ಐದೇ ನಿಮಿಷಕ್ಕೆ ಫೋನು: "ಲೈಟ್ ಬಂತಲ್ಲ ಸಾರ್, ನೀರು ಎಲ್ಲಿ?" ಜನರ ಮೇಲೆ ಸಿಟ್ಟಿಲ್ಲ, ಬಿಂದಿಗೆ ಖಾಲಿ ಇದ್ದವರು ಕೇಳಲೇಬೇಕು. ಆದರೆ ಆಗ ಎರಡೂ ಪಂಪನ್ನು ಒಟ್ಟಿಗೆ ಪೂರ್ತಿ ತೆರೆದರೆ ಗಾಳಿಗೆ ಹೊರಹೋಗಲು ಪುರುಸೊತ್ತು ಸಿಗದೆ ಕೊಳವೆಗೆ ಇನ್ನೊಂದು ಏಟು ಬೀಳುತ್ತದೆ. ಅದಕ್ಕೇ ನಾನು ಒಂದೇ ಪಂಪು ಹಾಕಿ, ವಾಲ್ವನ್ನು ಕಾಲು ಭಾಗ ತೆರೆದು, ದಿಣ್ಣೆಯ ತುದಿಯಲ್ಲಿದ್ದ ವಾಲ್ವ್‌ಮ್ಯಾನ್‌ಗೆ ಫೋನಿನಲ್ಲಿ ಕೇಳುತ್ತಿದ್ದೆ: "ಅಣ್ಣ, ಗಾಳಿ ಇನ್ನೂ ಬರುತ್ತಿದೆಯೇ?" ಕೊಳವೆಯ ಗಾಳಿ ಹೊರಬಿಡುವ ಏರ್ ವಾಲ್ವಿನ ಬುಸುಗುಟ್ಟುವಿಕೆ ಫೋನಿನಲ್ಲೇ ಕೇಳಿಸುತ್ತಿತ್ತು. ಅದು ನಿಂತು ನೀರು ಕಕ್ಕಿದ ಮೇಲೆಯೇ ಎರಡನೇ ಪಂಪು.

ತಗ್ಗಿನ ಬೀದಿಗಳಿಗೆ ನೀರು ಮೊದಲು ಮುಟ್ಟುತ್ತದೆ, ಅಲ್ಲಿನ ಸಂಪುಗಳು ತುಂಬುವ ತನಕ ದಿಣ್ಣೆಯ ಮನೆಗಳಿಗೆ ಒತ್ತಡ ಸಿಗದು. ಹೀಗಾಗಿ ಒಂದು ಗಂಟೆ ಕರೆಂಟ್ ಹೋದರೆ ಮೇಲಿನ ಅಡ್ಡರಸ್ತೆಯವರ ಆ ದಿನದ ಸರದಿಯೇ ತಪ್ಪಿದ್ದುಂಟು. ಅಂಥ ದಿನ ತಗ್ಗಿನ ವಾಲ್ವನ್ನು ಅರ್ಧಕ್ಕೆ ಇಳಿಸಿ, ಮೇಲಿನದನ್ನು ಮೊದಲು ತೆರೆಯುವಂತೆ ವಾಲ್ವ್‌ಮ್ಯಾನ್‌ಗೆ ಹೇಳುತ್ತಿದ್ದೆ. ಆಗ ಫೋನು ಬರುತ್ತಿದ್ದದ್ದು ತಗ್ಗಿನವರಿಂದ.