ಹಳೇ ಇಟ್ಟಿಗೆಯಲ್ಲಿ ಹೊಸ ಗೋಡೆ ಕಟ್ಟುವುದು ಹೇಗೆ?

ಹಳೇ ಮನೆ ಕೆಡವುವುದು ಅಂದರೆ ಜೆಸಿಬಿ ಕರೆಸುವುದು ಅಂತಾಗಿಬಿಟ್ಟಿದೆ. ಅರ್ಧ ದಿನದಲ್ಲಿ ಗೋಡೆ ನೆಲಕ್ಕೆ, ಇಟ್ಟಿಗೆಯೆಲ್ಲ ಚೂರು. ಇಟ್ಟಿಗೆ ಬೇಯಲು ಗೂಡಿನಲ್ಲಿ ಹತ್ತಿರ ಹತ್ತಿರ 1,000 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಹಳೇ ಇಟ್ಟಿಗೆಯ ಹೊಗೆ ಎಂದೋ ಹೋಗಿಯಾಯಿತು. ಅದನ್ನು ಗುಂಡಿಗೆ ಸುರಿದು ಹೊಸದು ತಂದರೆ ಮತ್ತೆ ಅಷ್ಟೇ ಹೊಗೆ.

ಮೊದಲು, ಬಿಚ್ಚುವುದು. ಮೇಲಿನಿಂದ ಕೆಳಕ್ಕೆ, ಒಂದೊಂದೇ ವರಸೆ. ಅಷ್ಟೇ.

ಎರಡನೆಯದು, ಅಂಟಿದ ಗಾರೆ ಬಿಡಿಸುವುದು. ಕೆಲಸ ಕೆಡುವುದೇ ಇಲ್ಲಿ. ಗಾರೆ ಯಾವುದು ಅಂತ ಮೊದಲು ನೋಡಿ. ಮೊಳೆಯಿಂದ ಗೀರಿದರೆ ಬೆಳ್ಳಗೆ ಪುಡಿ ಉದುರಿತೇ? ಹಾಗಾದರೆ ಸುಣ್ಣದ ಗಾರೆ, ನಿಮ್ಮ ಅದೃಷ್ಟ. ಇಟ್ಟಿಗೆಯನ್ನು ಮರಳಿನ ಮೇಲೆ ಮಲಗಿಸಿ, ಅಗಲ ಬಾಯಿಯ ಉಳಿಯನ್ನು ಗಾರೆ ಮತ್ತು ಇಟ್ಟಿಗೆ ಕೂಡುವ ಗೆರೆಗೆ ಓರೆಯಾಗಿ ಇಡಿ. ಸಣ್ಣ ಏಟು ಸಾಕು. ಅಂಚಿನಿಂದ ನಡುವಿಗೆ ಹೊಡೆಯಬೇಕು. ನಡುವಿನಿಂದ ಅಂಚಿಗೆ ಹೊಡೆದರೆ ಮೂಲೆ ಹಾರುತ್ತದೆ. ಸಿಮೆಂಟ್ ಗಾರೆಯಾದರೆ ಅದು ಇಟ್ಟಿಗೆಯ ಮೈಯನ್ನೂ ಕಿತ್ತುಕೊಂಡೇ ಬರುತ್ತದೆ. ಹತ್ತು ಇಟ್ಟಿಗೆ ಬಿಡಿಸಿ ನೋಡಿ. ಆರೇಳು ಒಡೆದರೆ ಹಟ ಬೇಡ, ಎಲ್ಲ ಪುಡಿ ಮಾಡಿ ನೆಲದ ಕೆಳಗೆ ತುಂಬಿ.

ಗ್ರೈಂಡರ್ ಹಿಡಿಯಬೇಡಿ. ಇಟ್ಟಿಗೆಯೂ ಸವೆಯುತ್ತದೆ, ಏಳುವ ಸಣ್ಣ ಧೂಳು ಶ್ವಾಸಕೋಶಕ್ಕೆ ಸೇರುತ್ತದೆ. ಉಳಿ ಹಿಡಿದರೂ ಮಾಸ್ಕ್, ಕನ್ನಡಕ ಇರಲಿ. ಆಸಿಡ್ಡೂ ಬೇಡ. ನಾನು ಒಮ್ಮೆ ಆಸೆಬಿದ್ದು ಸುರಿದಿದ್ದೆ, ಸರಿಯಾಗಿ ತೊಳೆಯಲಿಲ್ಲ. ಗೋಡೆ ಎದ್ದ ಮೇಲೆ ಉಪ್ಪು ಹೂಬಿಟ್ಟ ಹಾಗೆ ಬಿಳಿ ಪೊರೆ ಬಂತು.

ಮೂರನೆಯದು, ಆರಿಸುವುದು. ಎರಡು ಇಟ್ಟಿಗೆ ತಾಗಿಸಿ. ಟಣ್ ಅಂದರೆ ಒಳ್ಳೆಯದು, ದಪ್ ಅಂದರೆ ಅರೆಬೆಂದದ್ದು ಅಥವಾ ಬಿರುಕು ಬಿಟ್ಟದ್ದು. ಅನುಮಾನ ಇದ್ದರೆ ಒಣಗಿದ ಇಟ್ಟಿಗೆ ತೂಗಿ, 24 ಗಂಟೆ ನೀರಲ್ಲಿ ಮುಳುಗಿಸಿ, ಒರೆಸಿ ಮತ್ತೆ ತೂಗಿ. 3 ಕಿಲೋ ಇದ್ದದ್ದು 3.6 ಕಿಲೋ ದಾಟಿದರೆ ಹೊರಗೋಡೆಗೆ ಬೇಡ. ಒಲೆ, ಚಿಮಣಿಯ ಮಸಿ ಹೀರಿದ್ದನ್ನು ಪಕ್ಕಕ್ಕಿಡಿ, ಆ ಕರೆ ಪ್ಲಾಸ್ಟರ್ ದಾಟಿ ಹೊರಗೆ ಬರುತ್ತದೆ.

ಒಂದು ಮಾತು: ಭಾರ ಹೊರುವ ಗೋಡೆಗೆ ಎಂಜಿನಿಯರನ್ನು ಕೇಳದೆ ಇವನ್ನು ಬಳಸಬೇಡಿ. ಕಾಂಪೌಂಡಿಗೆ, ಕೋಣೆಗಳ ನಡುವಿನ ಅಡ್ಡಗೋಡೆಗೆ ಧಾರಾಳವಾಗಿ ಬಳಸಿ.

ಇನ್ನು ಕಟ್ಟುವುದು. ಬ್ರಷ್ಷಿನಿಂದ ಪುಡಿ ತೆಗೆದು ನೀರಲ್ಲಿ ನೆನೆಸಿ, ಗುಳ್ಳೆ ನಿಂತ ಮೇಲೆ ಎತ್ತಿ. ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆ, ಆಮೇಲೆ ಗಾರೆ ಕಚ್ಚುವುದಿಲ್ಲ.

ಗಾರೆಗೆ 1 ಪಾಲು ಸುಣ್ಣ, 3 ಪಾಲು ಮರಳು. ಸಿಮೆಂಟ್ ಬೇಗ ಗಟ್ಟಿಯಾಗುತ್ತದೆ ಅಲ್ವಾ ಅಂತ ಮೇಸ್ತ್ರಿ ಕೇಳೇ ಕೇಳುತ್ತಾರೆ. ಆಗುತ್ತದೆ. ಆದರೆ ಸಿಮೆಂಟಿನ ಕ್ಲಿಂಕರ್ (ಪುಡಿ ಮಾಡಿ ಸಿಮೆಂಟ್ ಮಾಡುವ ಗಟ್ಟಿ ಉಂಡೆ) ಬೇಯಲು ಸುಮಾರು 1,450 ಡಿಗ್ರಿ ಬೇಕು, ಸುಣ್ಣಕ್ಕೆ 900 ಸಾಕು. ಸುಣ್ಣಕಲ್ಲು ಸುಡುವಾಗ ಇಂಗಾಲದ ಡೈ ಆಕ್ಸೈಡ್ ಎರಡರಲ್ಲೂ ಹೊರಬೀಳುತ್ತದೆ. ಸುಣ್ಣದ ಗಾರೆ ಗಟ್ಟಿಯಾಗುವಾಗ ಅದರಲ್ಲಿ ಒಂದು ಪಾಲನ್ನು ಗಾಳಿಯಿಂದ ವಾಪಸ್ ಎಳೆದುಕೊಳ್ಳುತ್ತದೆ. ನನಗಂತೂ ದೊಡ್ಡ ಕಾರಣ ಬೇರೆ. ಗಾರೆ ಇಟ್ಟಿಗೆಗಿಂತ ಮೆದುವಾಗಿದ್ದರೆ ಮುಂದೆ ಈ ಗೋಡೆಯನ್ನೂ ಬಿಚ್ಚಬಹುದು. ಸುಣ್ಣ ಕೊಳ್ಳುವಾಗ ಕಟ್ಟಡದ ಸುಣ್ಣವೇ ಇರಲಿ, ಗೆರೆ ಎಳೆಯುವ ಸೀಮೆಸುಣ್ಣದ ಪುಡಿ ಸುಮ್ನೆ ದಂಡ, ಅದು ಗಟ್ಟಿಯಾಗುವುದೇ ಇಲ್ಲ.

ದಿನಕ್ಕೆ ಒಂದು ಮೀಟರಿಗಿಂತ ಜಾಸ್ತಿ ಎತ್ತರ ಏರಿಸಬೇಡಿ. ಬಿಸಿಲು ಬೀಳುವ ಕಡೆ ಒದ್ದೆ ಗೋಣಿಚೀಲ ಇಳಿಬಿಡಿ, ವಾರವಿಡೀ ತೇವ ಆರದಂತೆ ನೋಡಿಕೊಳ್ಳಿ. ಪೈಪ್ ಹಿಡಿದು ಜೋರಾಗಿ ನೀರು ಹೊಡೆದರೆ ಹಸಿ ಸುಣ್ಣ ತೊಳೆದು ಹೋಗುತ್ತದೆ, ಕೈಯಿಂದ ಚಿಮುಕಿಸಿ.