ಹಳೇ ಸೋಫಾ ಯಾರಿಗೂ ಬೇಡ: ಬೆಂಗಳೂರಿನಲ್ಲಿ ಮನೆಯ ದೊಡ್ಡ ಸಾಮಾನು ಸಾಗಿಸುವುದು ಹೇಗೆ?

ಗುಜರಿಯವರು ಕಬ್ಬಿಣದ ಬೀರು ಖುಷಿಯಿಂದ ಎತ್ತಿಕೊಂಡು ಹೋಗುತ್ತಾರೆ. ಫೋಮ್ ಹಾಸಿಗೆ, ಸ್ಪ್ರಿಂಗ್ ಎದ್ದ ಸೋಫಾ, ನೀರು ಕುಡಿದು ಉಬ್ಬಿದ ಪಾರ್ಟಿಕಲ್ ಬೋರ್ಡ್ ಕಪಾಟು ತೋರಿಸಿ ನೋಡಿ. 'ಅದು ಬೇಡ ಸಾರ್' ಅಂತಾರೆ. ಬೆಳಿಗ್ಗೆ ಬರುವ ಆಟೋ ಟಿಪ್ಪರ್‌ನವರೂ ಅದನ್ನು ಮುಟ್ಟುವುದಿಲ್ಲ. ಅವರ ತಪ್ಪೂ ಅಲ್ಲ. ಒಂದು ಸೋಫಾ ಏರಿಸಿದರೆ ಬೀದಿಯ ಉಳಿದ ಮನೆಗಳ ಹಸಿ ಕಸ, ಒಣ ಕಸ ಎಲ್ಲಿ ಹಾಕುವುದು? ಕೊನೆಗೆ ಆ ಸೋಫಾ ರಾತ್ರೋರಾತ್ರಿ ಯಾರದೋ ಖಾಲಿ ಸೈಟಿಗೆ ಹೋಗಿ ಬೀಳುತ್ತದೆ. ಅದರ ಸುತ್ತ ಕಸದ ಚೀಲಗಳು ಬಂದು ಬೀಳಲು ಜಾಸ್ತಿ ದಿನ ಬೇಕಿಲ್ಲ.

ಇದನ್ನು ತಪ್ಪಿಸಲು ನೆನಪಿಡಬೇಕಾದ್ದು ಒಂದೇ. ಬೆಲೆ ಬರುವ ಸಾಮಾನನ್ನು ಮೊದಲೇ ಮಾರಿ ಕೈತೊಳೆದುಕೊಳ್ಳಬೇಡಿ. ಯಾರಿಗೂ ಬೇಡದ ಸಾಮಾನು ಮನೆಯಿಂದ ಆಚೆ ಹೋಗುವುದು ಅದರ ಬೆನ್ನ ಮೇಲೇ.

ಮೊದಲು ದಿನ ನೋಡಿ

ಯುಗಾದಿ, ಆಯುಧಪೂಜೆ, ದೀಪಾವಳಿಗೆ ಊರಿಗೆ ಊರೇ ಮನೆ ತೊಳೆಯುತ್ತದೆ. ಆಗ ಗುಜರಿ ಅಂಗಡಿ ತುಂಬಿರುತ್ತದೆ, ಬೆಲೆ ಇಳಿದಿರುತ್ತದೆ, ಲಗೇಜ್ ಆಟೋ ಸಿಗುವುದಿಲ್ಲ. ಹಬ್ಬಕ್ಕೆ ಮೂರ್ನಾಲ್ಕು ವಾರ ಮೊದಲೇ ಕೆಲಸ ಶುರು ಮಾಡಿ. ಮನೆ ಖಾಲಿ ಮಾಡುವವರಿಗೂ ಇದೇ ಮಾತು. ಕೊನೇ ದಿನಕ್ಕೆ ಬಿಟ್ಟರೆ ಹಳೇ ಮಂಚ ಅಲ್ಲೇ ಉಳಿಯುತ್ತದೆ, ಅದನ್ನು ತೆಗೆಸಿದ ಖರ್ಚನ್ನು ಮನೆ ಮಾಲೀಕರು ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳುತ್ತಾರೆ.

ಮಂಗಳವಾರ, ಶುಕ್ರವಾರ ಮನೆಯಿಂದ ಏನೂ ಆಚೆ ಕೊಡಬಾರದು ಎನ್ನುವ ಹಿರಿಯರಿದ್ದರೆ ಬುಧವಾರ ಕರೆಸಿ. ಸುಮ್ನೆ ವಾದ ಬೇಡ.

ಎಲ್ಲವನ್ನೂ ಕೆಳಗಿಳಿಸಿ, ಒಂದೇ ಕಡೆ ಇಡಿ

ಅಟ್ಟದ ಮೇಲೆ, ಮಂಚದ ಕೆಳಗೆ, ಬಾಲ್ಕನಿಯ ಮೂಲೆಯಲ್ಲಿ ಇರುವುದೆಲ್ಲ ಹಾಲ್‌ಗೆ ಬರಲಿ. ಆಮೇಲೆ 'ಇದು ಬೇಕಾ, ಬೇಡವಾ' ಅಂತ ಕೇಳುತ್ತ ಕೂರಬೇಡಿ. ಹಾಗೆ ಕೇಳಿದರೆ ಅರ್ಧ ಸಾಮಾನು ಮತ್ತೆ ಅಟ್ಟ ಹತ್ತುತ್ತದೆ. 'ಇದನ್ನು ಯಾರು ತಗೊಳ್ಳುತ್ತಾರೆ' ಅಂತ ಕೇಳಿ. ಬಳಸುವವರು, ಗುಜರಿಯವರು, ಇ-ತ್ಯಾಜ್ಯದವರು (ಹಳೇ ಟಿವಿ, ಫ್ರಿಜ್‌ನಂಥವನ್ನು ತಗೊಳ್ಳುವವರು) ಅಂತ ಮೂರು ರಾಶಿ ಆಗುತ್ತದೆ. ಯಾರೂ ತಗೊಳ್ಳದ್ದು ನಾಲ್ಕನೇ ರಾಶಿ. ಅದೇ ದೊಡ್ಡದಿರುತ್ತದೆ.

ಗ್ಯಾಸ್ ಸಿಲಿಂಡರ್ ಈ ಯಾವ ರಾಶಿಗೂ ಸೇರುವುದಿಲ್ಲ. ಅದು ಗ್ಯಾಸ್ ಕಂಪನಿಯದು. ಏಜೆನ್ಸಿಗೆ ವಾಪಸ್ ಕೊಟ್ಟರೆ ಕಟ್ಟಿದ ಠೇವಣಿ ಸಿಗುತ್ತದೆ.

ಕೊಡುವುದಾದರೆ ಕೇಳಿ ಕೊಡಿ

ಮನೆಕೆಲಸದವರಿಗೋ ವಾಚ್‌ಮನ್‌ಗೋ ಹಳೇ ಡಬಲ್ ಕಾಟ್ ಕೊಟ್ಟು ಕೈತೊಳೆದುಕೊಳ್ಳುವುದು ನಮ್ಮ ಊರಿನ ರೂಢಿ. ಅವರ ಒಂದು ರೂಮಿನ ಮನೆಯಲ್ಲಿ ಅದು ಹಿಡಿಸುತ್ತದಾ? ಬೇಡ ಅನ್ನಲಾಗದೆ ತಗೊಂಡು ಹೋಗುತ್ತಾರೆ, ಬಿಸಾಡುವ ಕೆಲಸ ಅವರ ಹೆಗಲಿಗೆ ಬೀಳುತ್ತದೆ. ಅಳತೆ ಹೇಳಿ, ಬೇಡ ಅನ್ನಲು ಅವಕಾಶ ಕೊಟ್ಟು ಕೇಳಿ. ಸಾಗಿಸುವ ಆಟೋ ಬಾಡಿಗೆ ನೀವೇ ಕೊಡಿ.

ಗಟ್ಟಿ ಬಟ್ಟೆ, ಕಂಬಳಿ, ಪಾತ್ರೆ, ಆಟದ ಸಾಮಾನು ಇದ್ದರೆ ಗೂಂಜ್ ಸಂಸ್ಥೆ ಬೆಂಗಳೂರಿನಲ್ಲೂ ಸಂಗ್ರಹಿಸುತ್ತದೆ. ಹಳೇ ಬೆಡ್‌ಶೀಟ್, ಟವೆಲ್‌ಗಳನ್ನು ಪ್ರಾಣಿಗಳ ಆಶ್ರಯ ತಾಣಗಳು ಕೇಳಿ ಪಡೆಯುವುದುಂಟು. ಎಲ್ಲಿಗಾದರೂ ಸರಿ, ಹೋಗುವ ಮೊದಲು ಫೋನ್ ಮಾಡಿ. ತಂಗಿ ಮನೆಗೆ ಕೊಡಲು ನಾಚಿಕೆ ಆಗುವ ವಸ್ತುವನ್ನು ಅನಾಥಾಶ್ರಮಕ್ಕೂ ಕೊಡಬೇಡಿ.

ಮಾರುವುದಾದರೆ ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪು ಒಳ್ಳೆಯದು. ಅಳತೆ, ಎಷ್ಟನೇ ಮಹಡಿ, ಲಿಫ್ಟ್ ಇದೆಯಾ ಅಂತ ಬರೆಯಿರಿ. ಮುರಿದ ಜಾಗದ ಫೋಟೋನೂ ಹಾಕಿ. ಆನ್‌ಲೈನ್‌ನಲ್ಲಿ ಅಪರಿಚಿತರು ಸಿಕ್ಕಿ 'ದುಡ್ಡು ಕಳಿಸ್ತೀನಿ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ' ಅಂದರೆ ಮಾತು ಅಲ್ಲಿಗೇ ನಿಲ್ಲಿಸಿ. ದುಡ್ಡು ಪಡೆಯಲು ಸ್ಕ್ಯಾನೂ ಬೇಡ, ಪಿನ್ನೂ ಬೇಡ.

ಗುಜರಿಯವರ ಜೊತೆ ಒಟ್ಟು ಮಾತು

ಅಸಲಿ ಕೆಲಸ ಇಲ್ಲಿದೆ. ಹಿತ್ತಾಳೆ, ತಾಮ್ರ, ಕಂಚಿನ ಪಾತ್ರೆಗಳನ್ನು ಮೊದಲು ಬೇರೆ ತೆಗೆಯಿರಿ. ಇವು ಕಬ್ಬಿಣದ ಜೊತೆ ತಕ್ಕಡಿಗೆ ಬೀಳಬಾರದು. ಪಾತ್ರೆ ಅಂಗಡಿಯಲ್ಲಿ ಎಕ್ಸ್‌ಚೇಂಜ್‌ಗೆ ಹಾಕಿದರೆ ಒಳ್ಳೆ ಬೆಲೆ ಬರಬಹುದು.

ಉಳಿದ ಕಬ್ಬಿಣದ ಮಂಚ, ಬೀರು, ಅಲ್ಯೂಮಿನಿಯಂ, ಪೇಪರ್, ರಟ್ಟಿನ ಡಬ್ಬ, ಪ್ಲಾಸ್ಟಿಕ್ ಕುರ್ಚಿ ಎಲ್ಲವನ್ನೂ ಒಟ್ಟಿಗೆ ತೋರಿಸಿ. ಪಕ್ಕದಲ್ಲೇ ಆ ಸೋಫಾ, ಆ ಕಪಾಟು ಇರಲಿ. 'ತೂಕದ ದುಡ್ಡು ಕಡಿಮೆ ಕೊಡಿ ಪರವಾಗಿಲ್ಲ, ಇದನ್ನೂ ಒಯ್ಯಿರಿ' ಅಂತ ಹೇಳಿ. ಲೋಹ ಚೆನ್ನಾಗಿದ್ದರೆ ಹೆಚ್ಚಿನವರು ಒಪ್ಪುತ್ತಾರೆ. ಬೀರು ಹೋದ ವಾರದ ಮೇಲೆ ಸೋಫಾಗೆ ಕರೆದರೆ ಬರುವುದೇ ಇಲ್ಲ, ಅಥವಾ ನೀವೇ ದುಡ್ಡು ಕೊಡಬೇಕು. ಇಬ್ಬರನ್ನಾದರೂ ಕರೆಸಿ ಬೆಲೆ ಕೇಳಿ. ಮನೆಯ ತಕ್ಕಡಿಯಲ್ಲಿ ತೂಗಿಟ್ಟ ಒಂದು ಚೀಲವನ್ನು ಮೊದಲು ಅವರ ತಕ್ಕಡಿಗೆ ಹಾಕಿಸಿ. ವ್ಯತ್ಯಾಸ ಇದ್ದರೆ ಅಲ್ಲೇ ಗೊತ್ತಾಗುತ್ತದೆ.

ಇನ್ನೊಂದು ಪ್ರಶ್ನೆ ಕೇಳಲೇಬೇಕು: 'ಸೋಫಾ ಏನು ಮಾಡ್ತೀರಿ?' ಮರದ ಚೌಕಟ್ಟು ಬಿಚ್ಚಿ ಮಾರುತ್ತೇವೆ, ರಿಪೇರಿ ಅಂಗಡಿಗೆ ಕೊಡುತ್ತೇವೆ ಅಂದರೆ ಸರಿ. ತಡವರಿಸಿದರೆ ಅದು ಹೋಗುವ ಜಾಗ ಯಾವುದು ಅಂತ ಊಹಿಸಬಹುದು, ಅಲ್ವಾ? ಪೇಪರ್, ಪ್ಲಾಸ್ಟಿಕ್‌ಗಾದರೆ ದಾರಿ ಇದೆ. ಬಡಾವಣೆಯ ಅಂಗಡಿಯಿಂದ ಜಾಲಿ ಮೊಹಲ್ಲಾ, ನಾಯಂಡಹಳ್ಳಿಯ ದೊಡ್ಡ ಗುಜರಿ ವ್ಯಾಪಾರಿಗಳ ಕಡೆಗೆ ಅದು ಹರಿಯುತ್ತದೆ. ಫೋಮ್‌ಗೆ ಅಷ್ಟು ಸಲೀಸು ದಾರಿ ಇಲ್ಲ.

ಫ್ರಿಜ್, ಟಿವಿ, ಬ್ಯಾಟರಿ ಬೇರೆ ಕಥೆ

ಗುಜರಿಯವರು ಫ್ರಿಜ್‌ಗೂ ಬೆಲೆ ಕಟ್ಟುತ್ತಾರೆ. ಆಸೆಪಡಬೇಡಿ. ಕಂಪ್ರೆಸರ್‌ನ ತಾಮ್ರಕ್ಕಾಗಿ ಪೈಪ್ ಕತ್ತರಿಸಿದರೆ ಒಳಗಿನ ಅನಿಲವೆಲ್ಲ ಗಾಳಿಗೆ ಹೋಗುತ್ತದೆ. ತುಂಬಾ ಹಳೇ ಫ್ರಿಜ್ ಆಗಿದ್ದರೆ ಅದು ಓಝೋನ್ ಪದರ ಕೆಡಿಸುವ ಅನಿಲ. ಡಬ್ಬಾ ಟಿವಿಯ ಗಾಜಿನಲ್ಲಿ ಸೀಸ ಇರುತ್ತದೆ, ಹಳೇ ಟ್ಯೂಬ್‌ಲೈಟ್‌ನಲ್ಲಿ ಪಾದರಸ.

2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಹಳೇ ಉಪಕರಣ ಸರಿಯಾಗಿ ಮರುಬಳಕೆ ಆಗುವಂತೆ ನೋಡಿಕೊಳ್ಳುವ ಹೊಣೆ ತಯಾರಿಸಿದ ಕಂಪನಿಯದ್ದೂ ಹೌದು. ಆದ್ದರಿಂದ ಹೊಸದು ಕೊಳ್ಳುವಾಗ ಎಕ್ಸ್‌ಚೇಂಜ್ ಕೇಳಿ. ಕೆಟ್ಟುಹೋಗಿದ್ದರೂ ಕೇಳಿ. ಕೊಡುವ ದುಡ್ಡು ಕಡಿಮೆ ಇರಬಹುದು, ಹೊಸದು ತಂದವರೇ ಹಳೆಯದನ್ನು ಮೆಟ್ಟಿಲಿಳಿಸುತ್ತಾರಲ್ಲ, ಲಾಭ ಅದು. ಹೊಸದು ಬೇಡದಿದ್ದರೆ ಕಂಪನಿಯ ಗ್ರಾಹಕ ಸೇವೆಗೆ ಫೋನ್ ಮಾಡಿ, ಅಥವಾ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಮರುಬಳಕೆದಾರರಿಗೆ ಕೊಡಿ. ಈ ಕೆಲಸ ನಮ್ಮ ಊರಿಗೆ ಹೊಸದಲ್ಲ. ದಾಬಸ್‌ಪೇಟೆಯ ಇ-ಪರಿಸರ ದೇಶದ ಮೊದಲ ಅಧಿಕೃತ ಇ-ತ್ಯಾಜ್ಯ ಘಟಕಗಳಲ್ಲೊಂದು.

ಇನ್ವರ್ಟರ್ ಬ್ಯಾಟರಿ ಬ್ಯಾಟರಿ ಅಂಗಡಿಗೇ ಹೋಗಲಿ. ಒಳಗಿನ ಸೀಸಕ್ಕೆ ಬೆಲೆ ಇದೆ. ಆ್ಯಸಿಡ್ ಚೆಲ್ಲಿ ಹಗುರ ಮಾಡುವ ಸಾಹಸ ಮಾತ್ರ ಬೇಡ. ಕಂಪ್ಯೂಟರ್ ಕೊಡುವ ಮೊದಲು ಹಾರ್ಡ್ ಡಿಸ್ಕ್ ಬಿಚ್ಚಿಟ್ಟುಕೊಳ್ಳಿ.

ಹಾಸಿಗೆ, ಸೋಫಾ, ಪಾರ್ಟಿಕಲ್ ಬೋರ್ಡ್

ಹತ್ತಿ ಹಾಸಿಗೆ ಆಗಿದ್ದರೆ ನೀವು ಪುಣ್ಯವಂತರು. ಹತ್ತಿ ಹಿಂಜಿಸಿ, ಹೊಸ ಬಟ್ಟೆ ಹೊಲಿಸಿದರೆ ಅದೇ ಹಾಸಿಗೆ, ಇಲ್ಲವೇ ಹತ್ತಾರು ದಿಂಬು. ಬಡಾವಣೆಯ ಹಾಸಿಗೆ ಅಂಗಡಿಯವರು ಈಗಲೂ ಮಾಡಿಕೊಡುತ್ತಾರೆ.

ಫೋಮ್ ಹಾಸಿಗೆ ಕೊಳೆಯುವುದಿಲ್ಲ. ಮಾವಳ್ಳಿಪುರ, ಮಂಡೂರಿನ ಜನ ನಮ್ಮ ಊರಿನ ಕಸದ ಗುಡ್ಡದ ವಿರುದ್ಧ ಬೀದಿಗಿಳಿದದ್ದು ನೆನಪಿದೆ ಅಲ್ವಾ? ಇಂಥದ್ದೆಲ್ಲ ಕೊನೆಗೆ ಸೇರುವುದು ಅಂಥ ಯಾವುದೋ ಹಳ್ಳಿಯ ಪಕ್ಕ. ಚಾಕುವಿನಿಂದ ಹೊದಿಕೆ ಸೀಳಿ, ಒಳಗಿನ ಫೋಮ್ ಚೆನ್ನಾಗಿದೆಯಾ ನೋಡಿ. ಇದ್ದರೆ ಕುಶನ್ ಹೊಲಿಯುವವರು ತಗೊಳ್ಳಬಹುದು. ಸ್ಪ್ರಿಂಗ್ ಹಾಸಿಗೆಯ ತಂತಿ ಗುಜರಿಗೆ.

ಸೋಫಾವನ್ನು ಹಿಂದಿನಿಂದ ಬಿಚ್ಚಿ ನೋಡಿ. ಸಾಗುವಾನಿ, ಹೊನ್ನೆಯ ಚೌಕಟ್ಟು ಸಿಕ್ಕಿದರೆ ಬಿಸಾಡುವ ಮಾತೇ ಬೇಡ, ಹೊಸ ಕುಶನ್ ಹಾಕಿಸಿ. ಪಾರ್ಟಿಕಲ್ ಬೋರ್ಡ್‌ಗೆ ಮಾತ್ರ ನನಗೆ ಕರುಣೆ ಇಲ್ಲ. ಒಮ್ಮೆ ಬಿಚ್ಚಿದರೆ ಸ್ಕ್ರೂ ಮತ್ತೆ ಕೂರುವುದಿಲ್ಲ. ಬಾಗಿಲ ಕೀಲು, ಹಿಡಿಕೆ, ಡ್ರಾಯರ್ ಚಾನೆಲ್ ಬಿಚ್ಚಿ ಹಲಗೆಗಳನ್ನು ಕಟ್ಟಿಡಿ. ಇದನ್ನು ಸುಡಬೇಡಿ, ಅಂಟಿನ ಹೊಗೆ ಕೆಟ್ಟದ್ದು. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ.

ಇಷ್ಟೆಲ್ಲ ಮಾಡಿಯೂ ಉಳಿದದ್ದಕ್ಕೆ ಸರ್ಕಾರದ ಬಾಗಿಲು ತಟ್ಟಿ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಇಲ್ಲ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರ ಪಾಲಿಕೆಗಳಿವೆ. ಕಸದ ಕೆಲಸ ನೋಡುವುದು ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತ. ವಾರ್ಡಿನ ಆರೋಗ್ಯ ನಿರೀಕ್ಷಕರನ್ನೋ, ಬೀದಿಗೆ ಕಸ ಸುರಿಯುವವರಿಗೆ ದಂಡ ಹಾಕುವ ಮಾರ್ಷಲ್‌ಗಳನ್ನೋ ಹಿಡಿದು, ಹಾಸಿಗೆ, ಪೀಠೋಪಕರಣ ತಗೊಳ್ಳುವ ದಿನ ಯಾವುದು ಅಂತ ಕೇಳಿ. 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆಯ ಜೊತೆ ಕಸದ ಶುಲ್ಕವೂ ಸೇರಿದೆ. ಕೇಳಲು ಸಂಕೋಚ ಯಾಕೆ? ವಾರ್ಡಿನ ಒಣ ಕಸ ಸಂಗ್ರಹಣಾ ಕೇಂದ್ರದಲ್ಲೂ ವಿಚಾರಿಸಿ. ಇವುಗಳಲ್ಲಿ ಹಲವನ್ನು ಹಿಂದೆ ಬೀದಿಯಲ್ಲಿ ಚಿಂದಿ ಆಯುತ್ತಿದ್ದವರೇ ನಡೆಸುತ್ತಾರೆ. ಯಾವ ವಸ್ತು ಎಲ್ಲಿ ಸಲ್ಲುತ್ತದೆ ಅಂತ ಅವರಿಗೆ ಗೊತ್ತಿರುವಷ್ಟು ಅಧಿಕಾರಿಗಳಿಗೂ ಗೊತ್ತಿಲ್ಲ.

ಒರಳುಕಲ್ಲು, ದೇವರ ಫೋಟೋ

ಕಲ್ಲನ್ನು ಗುಜರಿಯವರು ಮುಟ್ಟುವುದಿಲ್ಲ. ನರ್ಸರಿ, ಹೋಮ್‌ಸ್ಟೇ, ಹಳೇ ಕಾಲದ ಅಲಂಕಾರ ಬೇಕೆನ್ನುವ ಹೋಟೆಲ್‌ಗಳನ್ನು ಕೇಳಿ. ಮೆಟ್ಟಿಲ ಮೇಲೆ ಉರುಳಿಸಬೇಡಿ, ಟೈಲ್ಸ್ ಒಡೆಯುತ್ತದೆ. ಇಬ್ಬರು ಕೂಲಿಯವರು ಗೋಣಿಚೀಲದಲ್ಲಿ ಹೊರಲಿ.

ಚೌಕಟ್ಟು ಮುರಿದ ದೇವರ ಫೋಟೋಗಳನ್ನು ಅಶ್ವತ್ಥಕಟ್ಟೆಯ ಕೆಳಗೆ ಇಟ್ಟು ಕೈಮುಗಿದು ಬರುವುದಿದೆಯಲ್ಲ, ಅಲ್ಲಿ ಗಾಜು ಒಡೆದು ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ. ಮನೆಯಲ್ಲೇ ಬಿಚ್ಚಿ. ಚಿತ್ರವನ್ನು ಬಕೆಟ್ ನೀರಿನಲ್ಲಿ ವಿಸರ್ಜಿಸಿ, ಗಣೇಶನಿಗೆ ಈಗ ಹಾಗೇ ಮಾಡುತ್ತೇವಲ್ಲ. ಗಾಜನ್ನು ದಪ್ಪ ಪೇಪರ್‌ನಲ್ಲಿ ಸುತ್ತಿ, ಮೇಲೆ 'ಗಾಜು' ಅಂತ ಬರೆದು ಒಣ ಕಸಕ್ಕೆ ಕೊಡಿ.

ಒಡೆದ ಟೈಲ್ಸ್, ಕಮೋಡು

ಬಾತ್‌ರೂಂ ರಿಪೇರಿಯ ಅವಶೇಷಗಳನ್ನು ಮನೆ ಕಸದ ಗಾಡಿಗೆ ಹಾಕುವಂತಿಲ್ಲ. ಚಿಕ್ಕಜಾಲದ ಕಡೆ ಕಟ್ಟಡ ತ್ಯಾಜ್ಯ ಸಂಸ್ಕರಿಸುವ ಘಟಕ ಇದೆ, ಆದರೂ ಟ್ರ್ಯಾಕ್ಟರ್‌ಗಳು ಕೆರೆಯಂಚಿಗೆ ಸುರಿಯುವುದು ನಿಂತಿಲ್ಲ. ಮೇಸ್ತ್ರಿಯ ಜೊತೆ ಕೂಲಿ ಮಾತಾಡುವಾಗಲೇ ಮಣ್ಣು, ಟೈಲ್ಸ್ ಸಾಗಿಸುವ ಲೆಕ್ಕವನ್ನೂ ಸೇರಿಸಿ. ಎಲ್ಲಿ ಇಳಿಸುತ್ತಾರೆ ಅಂತ ಮೊದಲೇ ಕೇಳಿ. ಇಳಿಸಿದ ಜಾಗದ ಫೋಟೋ ಬರುವವರೆಗೆ ಕೊನೇ ಕಂತು ನಿಮ್ಮ ಕೈಯಲ್ಲೇ ಇರಲಿ.