ಕೆಲಸದ ಗೀಳು: ಗುರುತಿಸುವುದು ಹೇಗೆ, ಹಿಡಿತಕ್ಕೆ ತರುವುದು ಹೇಗೆ

ದಿನಕ್ಕೆ ಹತ್ತು ಗಂಟೆ ದುಡಿಯುವವರೆಲ್ಲ ಗೀಳಿಗೆ ಬಿದ್ದವರಲ್ಲ. ಕೆಲಸ ಮುಗಿಸಿ ಎದ್ದ ಮೇಲೆ ಅದು ತಲೆಯಿಂದಲೂ ಇಳಿದರೆ ಅದು ದುಡಿಮೆ, ಅಷ್ಟೇ. ಎದ್ದ ಮೇಲೂ ಇಳಿಯದೆ, ಸುಮ್ಮನೆ ಕೂತರೆ ಏನೋ ತಪ್ಪು ಮಾಡುತ್ತಿದ್ದೇನೆ ಅನ್ನಿಸಿದರೆ, ರಜೆಯ ದಿನ ಬೆಳಿಗ್ಗೆಯೇ ಚಡಪಡಿಕೆ ಶುರುವಾದರೆ ಅದು ಗೀಳು. ಅಮೆರಿಕದ ಮನೋವಿಜ್ಞಾನಿ ವೇಯ್ನ್ ಓಟ್ಸ್ ಐವತ್ತು ವರ್ಷಗಳಿಗೂ ಹಿಂದೆ ‘ವರ್ಕಾಹಾಲಿಕ್’ ಎಂಬ ಪದವನ್ನು ಕುಡಿತದ ಚಟದ ಹೆಸರಿನ ಮೇಲೆಯೇ ಕಟ್ಟಿದ್ದು ಸುಮ್ಮನಲ್ಲ. ಇಲ್ಲಿ ಬರೀ ಗಂಟೆ ಕಡಿಮೆ ಮಾಡಿದರೆ ಸಾಲದು, ನಿಲ್ಲಿಸುವುದನ್ನು ಹೊಸದಾಗಿ ಕಲಿಯಬೇಕು.

ಮೊದಲು ಅಳೆದುಕೊಳ್ಳಿ

ನಾರ್ವೆಯ ಬರ್ಗನ್ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಳತೆಪಟ್ಟಿಯಲ್ಲಿ ಏಳೇ ಅಂಶಗಳಿವೆ. ಕಳೆದ ಒಂದು ವರ್ಷವನ್ನು ನೆನಪಿಸಿಕೊಂಡು ಉತ್ತರಿಸಿ. ಕೆಲಸಕ್ಕೆ ಇನ್ನಷ್ಟು ಸಮಯ ಹೇಗೆ ಹೊಂದಿಸಲಿ ಎಂದು ಯೋಚಿಸುತ್ತೀರಾ? ಅಂದುಕೊಂಡಿದ್ದಕ್ಕಿಂತ ತುಂಬಾ ಹೊತ್ತು ಕೆಲಸ ಮಾಡುತ್ತೀರಾ? ಅಪರಾಧಿ ಭಾವ, ಆತಂಕ, ಬೇಸರ ಮರೆಯಲು ಕೆಲಸಕ್ಕೆ ಕೂರುತ್ತೀರಾ? ಕಡಿಮೆ ಮಾಡು ಎಂದು ಹತ್ತಿರದವರು ಹೇಳಿದರೂ ಕಿವಿಗೆ ಹಾಕಿಕೊಳ್ಳುವುದಿಲ್ಲವೇ? ಕೆಲಸ ಮಾಡಲು ಬಿಡದಿದ್ದರೆ ಒತ್ತಡವಾಗುತ್ತದೆಯೇ? ಹವ್ಯಾಸ, ವ್ಯಾಯಾಮ, ಬಿಡುವು ಹಿಂದಕ್ಕೆ ಸರಿದಿವೆಯೇ? ಆರೋಗ್ಯ ಕೆಟ್ಟಿದೆಯೇ? ಏಳರಲ್ಲಿ ನಾಲ್ಕಕ್ಕಾದರೂ ‘ಆಗಾಗ’ ಅಥವಾ ‘ಯಾವಾಗಲೂ’ ಎಂಬ ಉತ್ತರ ಬಂದರೆ ಗೀಳು ಇರುವ ಸಾಧ್ಯತೆ ಹೆಚ್ಚು. ಇದು ರೋಗನಿರ್ಣಯವಲ್ಲ, ಎಚ್ಚರಿಕೆ. ಸಾಧ್ಯವಾದರೆ ನಿಮ್ಮ ಬಗ್ಗೆ ಮನೆಯವರೊಬ್ಬರೂ ಉತ್ತರಿಸಲಿ. ಎರಡೂ ಉತ್ತರಗಳ ನಡುವಿನ ಅಂತರವೇ ಬಹಳಷ್ಟು ಹೇಳುತ್ತದೆ.

ಬಳಿಕ 14 ದಿನ ಒಂದು ಲೆಕ್ಕ ಇಡಿ. ಕೆಲಸದ ವೇಳೆ ಮುಗಿದ ಮೇಲೆ ಯಾವಾಗ ಕೆಲಸ ಮುಟ್ಟಿದರೂ, ಎರಡೇ ನಿಮಿಷ ಮೇಲ್ ನೋಡಿದ್ದರೂ, ನಾಲ್ಕು ವಿಷಯ ಬರೆಯಿರಿ: ಎಷ್ಟು ಹೊತ್ತಿಗೆ, ಏನು, ಯಾರು ಕೇಳಿದ್ದು, ಮರುದಿನ ಮಾಡಿದ್ದರೆ ಏನು ಕೆಡುತ್ತಿತ್ತು. ಮೂರನೇ ಕಾಲಂ ಮುಖ್ಯ. ಅಲ್ಲಿ ಮೇಲಧಿಕಾರಿಯ, ಗ್ರಾಹಕರ ಹೆಸರೇ ತುಂಬಿದ್ದರೆ ನಿಮ್ಮ ಸಮಸ್ಯೆ ಕೆಲಸದ ಹೊರೆ. ‘ಯಾರೂ ಕೇಳಿಲ್ಲ’ ಎಂಬುದೇ ತುಂಬಿದ್ದರೆ ಗೀಳು. ಹೊರೆಗೆ ಮದ್ದು ಮಾತುಕತೆ, ಗೀಳಿಗೆ ಮದ್ದು ಅಭ್ಯಾಸ. ಒಂದರ ಮದ್ದನ್ನು ಇನ್ನೊಂದಕ್ಕೆ ಹಾಕಿದರೆ ಏನೂ ಆಗುವುದಿಲ್ಲ. ಹೊರೆ ಹೊತ್ತವರಿಗೆ ಧ್ಯಾನದ ತರಗತಿಗೆ ಹೋಗಿ ಎನ್ನುವುದು ನಮ್ಮ ಪ್ರಕಾರ ಅನ್ಯಾಯ.

ದಿನವನ್ನು ಮುಚ್ಚುವ ಇಪ್ಪತ್ತು ನಿಮಿಷ

ಇಡೀ ಕ್ರಮದಲ್ಲಿ ಒಂದನ್ನೇ ಮಾಡುವುದಾದರೆ ಇದನ್ನು ಮಾಡಿ. ಕೆಲಸ ಮುಗಿಸಿ ಏಳಬೇಕಾದ ಹೊತ್ತಿಗೆ 20 ನಿಮಿಷ ಮೊದಲು ಅಲಾರಾಂ ಇಡಿ. ಅದು ಬಡಿದ ಮೇಲೆ ಹೊಸದೇನನ್ನೂ ತೆರೆಯಬೇಡಿ. ಅರ್ಧಕ್ಕೆ ನಿಂತ ಪ್ರತಿ ಕೆಲಸಕ್ಕೂ ಒಂದು ಸಾಲು ಬರೆಯಿರಿ: ಎಲ್ಲಿ ನಿಂತಿದೆ, ಮುಂದಿನ ಹೆಜ್ಜೆ ಏನು, ಯಾವಾಗ.

‘ವರದಿ ಬಾಕಿ’ ಎಂದು ಬರೆದರೆ ಪ್ರಯೋಜನವಿಲ್ಲ. ‘ವರದಿಯ ಮೂರನೇ ಕೋಷ್ಟಕದಲ್ಲಿ ಮಾರ್ಚ್ ಮೊತ್ತ ತಾಳೆಯಾಗುತ್ತಿಲ್ಲ, ನಾಳೆ 10ಕ್ಕೆ ಮೂಲ ಹಾಳೆಯ ಜೊತೆ ಹೋಲಿಸಬೇಕು’ ಎಂದು ಬರೆಯಿರಿ. ಮುಗಿಯದ ಕೆಲಸವನ್ನು ಮನಸ್ಸು ಮತ್ತೆ ಮತ್ತೆ ಕೆದಕುತ್ತದೆ. ಆದರೆ ಅದಕ್ಕೆ ಬೇಕಿರುವುದು ಕೆಲಸ ಮುಗಿಯುವುದೇ ಅಲ್ಲ, ಯಾವಾಗ ಹೇಗೆ ಮುಗಿಯುತ್ತದೆ ಎಂಬ ಭರವಸೆ. ಖಚಿತವಾದ ಯೋಜನೆ ಇದ್ದರೆ ಅದು ಸುಮ್ಮನಾಗುತ್ತದೆ. ರಾತ್ರಿ ಹಾಸಿಗೆಯಲ್ಲಿ ಆ ಕೋಷ್ಟಕ ಮತ್ತೆ ನೆನಪಾದರೆ ಲ್ಯಾಪ್‌ಟಾಪ್ ತೆರೆಯದೆ, ಪಕ್ಕದಲ್ಲಿಟ್ಟ ಹಾಳೆಯಲ್ಲಿ ಇನ್ನೊಂದು ಸಾಲು ಸೇರಿಸಿ ಮಲಗಿ. ಫೋನಿನಲ್ಲಿ ಬರೆಯಬೇಡಿ. ಬರೆಯಲು ತೆಗೆದ ಫೋನ್ ಮೇಲ್ ತೆರೆಸಿಯೇ ಬಿಡುತ್ತದೆ.

ಫೋನಿನಿಂದ ಕೆಲಸದ ಆ್ಯಪ್‌ಗಳನ್ನು ತೆಗೆಯಲು ಆಗದಿದ್ದರೆ ನೋಟಿಫಿಕೇಶನ್ ಆಫ್ ಮಾಡಿ, ನಿಜವಾದ ತುರ್ತಿಗೆ ಕರೆ ಮಾಡಲು ಟೀಮಿಗೆ ಹೇಳಿ. ಮೆಸೇಜ್ ಹಾಕುವುದು ಸುಲಭ, ಕರೆ ಮಾಡಲು ಮನಸ್ಸು ಹಿಂಜರಿಯುತ್ತದೆ. ತುರ್ತುಗಳಲ್ಲಿ ಹೆಚ್ಚಿನವು ಅಲ್ಲೇ ಕರಗುತ್ತವೆ.

ಇಳಿಸುವಾಗ ನಿಧಾನ

ರಾತ್ರಿ ಹತ್ತರವರೆಗೆ ಕೂರುವವರು ನಾಳೆಯಿಂದ ಸಂಜೆ ಆರಕ್ಕೇ ಕೆಲಸ ಬಿಟ್ಟು ಏಳುತ್ತೇನೆ ಎಂದರೆ ಮೂರು ದಿನ ನಡೆದೀತು. ವಾರಕ್ಕೆ 30 ನಿಮಿಷದಂತೆ ಹಿಂದಕ್ಕೆ ಬನ್ನಿ. ಶುರುವಿನಲ್ಲಿ ಸಿಡುಕು, ಖಾಲಿತನ, ಕಾರಣವಿಲ್ಲದ ಭಯ ಬಂದರೆ ಹೆದರಬೇಡಿ. ದಾರಿ ತಪ್ಪಿದ್ದರಿಂದ ಬಂದದ್ದಲ್ಲ ಅದು, ಇಷ್ಟು ದಿನ ಕೆಲಸ ಮುಚ್ಚಿಟ್ಟಿದ್ದ ಭಾವನೆ ಮೇಲೆ ಬರುತ್ತಿದೆ. ಅದಕ್ಕೇ ಬಿಡುವಾದ ಅರ್ಧ ಗಂಟೆಯನ್ನು ಖಾಲಿ ಬಿಡದೆ ಇನ್ನೊಬ್ಬರ ಜೊತೆ ಕಟ್ಟಿಹಾಕಿ: ಒಟ್ಟಿಗೆ ನಡೆಯುವುದು, ಮಗುವಿನ ಜೊತೆ ಆಟ, ಒಂದು ತರಗತಿ. ಒಬ್ಬರೇ ಇದ್ದರೆ ಕೈ ತಾನಾಗಿ ಲ್ಯಾಪ್‌ಟಾಪಿಗೆ ಹೋಗುತ್ತದೆ. ಇನ್ನೊಂದು ತಪ್ಪೂ ಆಗುತ್ತದೆ: ಓಟಕ್ಕೂ ಓದಿಗೂ ಗುರಿ ಹಾಕಿಕೊಂಡು ಅದನ್ನೂ ಕೆಲಸ ಮಾಡಿಬಿಡುತ್ತಾರೆ. ಅಂಕಿ ಬರೆದಿಡಬೇಕಿಲ್ಲದ ಒಂದು ಹವ್ಯಾಸವಾದರೂ ಇರಲಿ.

ಕಡಿಮೆ ಮಾಡಿದರೆ ಹಿಂದೆ ಬೀಳುತ್ತೇನೆ ಎಂಬ ಭಯಕ್ಕೆ ಉತ್ತರ ದೇಹದಲ್ಲೇ ಇದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಾರಕ್ಕೆ 35–40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಸುಮಾರು 35%, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ 17% ಹೆಚ್ಚು. ನಿದ್ದೆ 7 ಗಂಟೆಗಿಂತ ಕಡಿಮೆಯಾಗುತ್ತಾ ಹೋದಂತೆ ತಪ್ಪುಗಳು ಹೆಚ್ಚುತ್ತವೆ, ಅವನ್ನು ತಿದ್ದಲು ಮತ್ತೆ ಗಂಟೆಗಳು ಬೇಕಾಗುತ್ತವೆ. ಬರ್ನ್‌ಔಟ್ ಬರುವುದೂ ಹೀಗೇ. ಮೊದಲು ಶಕ್ತಿ ಬತ್ತಿದ ಭಾವ, ಜೊತೆಗೆ ಕೆಲಸದ ಮೇಲೇ ಜಿಗುಪ್ಸೆ, ಆಮೇಲೆ ‘ನನ್ನಿಂದ ಏನೂ ಆಗುತ್ತಿಲ್ಲ’ ಎಂಬ ಅನಿಸಿಕೆ. ಗೀಳಿರುವವರು ಈ ಕೊನೆಯದಕ್ಕೆ ಮಾತ್ರ ಕಿವಿಗೊಟ್ಟು ಇನ್ನೂ ಹೆಚ್ಚು ಹೊತ್ತು ಕೂರುತ್ತಾರೆ. ಎದೆನೋವು ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಎರಡು ವಾರ ದಾಟಿದ ನಿದ್ದೆಗೇಡು, ಬದುಕೇ ಬೇಡ ಎನ್ನುವ ಯೋಚನೆ, ಎಚ್ಚರವಾಗಿರಲು ಅಥವಾ ಮಲಗಲು ಮಾತ್ರೆ, ಮದ್ಯ ಬೇಕಾಗುವುದು, ಇವುಗಳಲ್ಲಿ ಒಂದಿದ್ದರೂ ಸ್ವಪ್ರಯತ್ನ ಸಾಲದು. ವೈದ್ಯರನ್ನು ಕಾಣಿ.

ಮ್ಯಾನೇಜರ್ ಆಗಿದ್ದರೆ

ರಾತ್ರಿ 11ಕ್ಕೆ ನೀವು ಕಳಿಸಿದ ಮೇಲ್‌ಗೆ ‘ಅವಸರವಿಲ್ಲ’ ಎಂದು ಸೇರಿಸಿದರೂ ಗೀಳಿರುವವರು ಎದ್ದು ಉತ್ತರಿಸುತ್ತಾರೆ. ಮೇಲ್ ಬರೆದು ಬೆಳಿಗ್ಗೆ 9ಕ್ಕೆ ಹೋಗುವಂತೆ ಶೆಡ್ಯೂಲ್ ಮಾಡಿ. ‘ಇವರು ಭಾನುವಾರವೂ ಕೂತು ಮುಗಿಸಿದರು’ ಎಂದು ಎಲ್ಲರೆದುರು ಹೊಗಳಬೇಡಿ. ಆ ಒಂದು ಮಾತು ಉಳಿದವರಿಗೆಲ್ಲ ನಿಯಮವಾಗುತ್ತದೆ. ಫ್ರಾನ್ಸ್‌ನಲ್ಲಿ 2017ರಿಂದ ವೇಳೆ ಮುಗಿದ ಮೇಲೆ ಸಂಪರ್ಕ ಕಡಿದುಕೊಳ್ಳುವ ಹಕ್ಕು ಕಾನೂನಿನಲ್ಲೇ ಇದೆ. ಆದರೂ ತಾವಾಗಿಯೇ ಲಾಗಿನ್ ಆಗುವವರನ್ನು ಕಾನೂನು ತಡೆಯದು. ರಜೆಗೆ ಹೋಗುವವರ ಕೆಲಸಕ್ಕೆ ಹೆಸರಿಟ್ಟು ಒಬ್ಬರನ್ನು ನೇಮಿಸಿ, ಹೋಗುವ ಮೂರು ದಿನ ಮೊದಲೇ ಹ್ಯಾಂಡೋವರ್ ಮುಗಿಸಿ, ರಜೆಯಲ್ಲಿ ಅವರಿಂದ ಮೇಲ್ ಬಂದರೆ ಉತ್ತರಿಸಬೇಡಿ.

ಹೊರೆ ನಿಜಕ್ಕೂ ಹೆಚ್ಚಿದ್ದರೆ ಉದ್ಯೋಗಿ ಮ್ಯಾನೇಜರ್ ಬಳಿ ಹೀಗೆ ಕೇಳಬಹುದು: ‘ಈ ವಾರ ಇರುವ 40 ಗಂಟೆಯಲ್ಲಿ ಇವೆರಡು ಕೂರುತ್ತವೆ, ಮೂರನೆಯದು ಕೂರುವುದಿಲ್ಲ. ಯಾವುದನ್ನು ಮುಂದಕ್ಕೆ ಹಾಕಲಿ?’ ಆಗುವುದಿಲ್ಲ ಎಂದರೆ ವಾದ ಹುಟ್ಟುತ್ತದೆ, ಯಾವುದು ಎಂದು ಕೇಳಿದರೆ ಆಯ್ಕೆ ಅವರದಾಗುತ್ತದೆ. ಕೈಯಲ್ಲಿ ಆ 14 ದಿನದ ಲೆಕ್ಕ ಇರಲಿ.

ಬಡ್ತಿ, ಹೊಸ ಪ್ರಾಜೆಕ್ಟ್, ಮನೆಯಲ್ಲೊಂದು ದುಃಖ, ಇಂಥ ಹೊತ್ತಿನಲ್ಲಿ ಗೀಳು ಮರಳುವುದು ಸಾಮಾನ್ಯ. ಮೂರು ತಿಂಗಳಿಗೊಮ್ಮೆ ಅದೇ ಏಳು ಪ್ರಶ್ನೆಗಳಿಗೆ ಮತ್ತೆ ಉತ್ತರಿಸಿ. ನಾಲ್ಕಕ್ಕೆ ಏರಿದ್ದರೆ ಬೇರೆ ಯಾವುದಕ್ಕೂ ಕೈ ಹಾಕದೆ, ದಿನ ಮುಚ್ಚುವ ಇಪ್ಪತ್ತು ನಿಮಿಷದಿಂದಲೇ ಮತ್ತೆ ಶುರುಮಾಡಿ.